ವೃತ್ತದ ಮೇಲಿನ ಗಾಂಧಾರ

ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಧಾರವಾಡದ ಕಡೆಯ ಗುರುಗಳೊಬ್ಬರು ಭಾನುವಾರ ಸಂಗೀತ ಕಲಿಸುತ್ತಿದ್ದರು. ಆ ವರ್ಷ ಗುರುಪೂರ್ಣಿಮೆಯಂದು ಒಬ್ಬರಿಗೆ ಮಾತ್ರ ಅರ್ಧ ಗಂಟೆ ಹಾಡುವ ಅವಕಾಶವಿತ್ತು. ಪೈಪೋಟಿಯಲ್ಲಿದ್ದವರು ಇಬ್ಬರು. ಪರೇಲಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸದ ನಾನು, ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದ ವಿಜಯಪುರ ಮೂಲದ ಹೆಂಗಸು. ಆಕೆ ಕಾಂದಿವಲಿಯ ಚಾಳಿನಲ್ಲಿ ಭಜನೆಯ ಹಾರ್ಮೋನಿಯಂ ಜೊತೆ ಹಾಡುತ್ತ ಬೆಳೆದವರು.

ಹಾರ್ಮೋನಿಯಂನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಅದನ್ನು ಕಣ್ಣಿಗೆ ಕಾಣಿಸುತ್ತೇನೆಂದು ನಾನು ಲ್ಯಾಪ್‌ಟಾಪಿನಲ್ಲಿ ಒಂದು ವೃತ್ತ ಬರೆದೆ. ನೆತ್ತಿಯ ಮೇಲೆ ಷಡ್ಜ, ಅಲ್ಲಿಂದ ಸುತ್ತ ಉಳಿದ ಸ್ವರಗಳು. ತಂಬೂರಿಯವು ಕೆಂಪು ಗೆರೆ, ಹಾರ್ಮೋನಿಯಂನವು ಬೂದು ಗೆರೆ. ಹಾಡಿದ ದನಿ ಬಿಳಿ ಚುಕ್ಕೆಯಾಗಿ ಓಡಾಡುತ್ತಿತ್ತು.

ಒಂದು ಭಾನುವಾರ ಅದನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಹಾಕಿ ತೋರಿಸಿದೆ. ಮೊದಲು ನಾನು ಹಾಡಿದೆ. ಚುಕ್ಕೆ ಕೆಂಪಿನ ಆಸುಪಾಸಿನಲ್ಲೇ ಇತ್ತು. ಆಮೇಲೆ ಆಕೆಗಾಗಿ ಗುರುಗಳು ತಂಬೂರಿಯ ಶ್ರುತಿ ಏರಿಸಿದರು. ನಾನೂ ಲ್ಯಾಪ್‌ಟಾಪಿನಲ್ಲಿ ಷಡ್ಜದ ಕಂಪನದ ಅಂಕಿ ಬದಲಿಸಿದೆ. ಆಕೆ ಕಣ್ಣು ಮುಚ್ಚಿ ಗಾಂಧಾರ ಹಿಡಿದರು. ಚುಕ್ಕೆ ಬೂದು ಗೆರೆಯ ಮೇಲೆ ಹೋಗಿ ನಿಂತಿತು.

"ಇನ್ನೊಮ್ಮೆ," ಅಂದರು ಗುರುಗಳು.

ಮತ್ತೆ ಬೂದು. ಹಿಂದೆ ಯಾರೋ ನಕ್ಕರು. ನಾನೂ ನಕ್ಕೆ.

"ಹಾರ್ಮೋನಿಯಂ ಮುಂದ ಕುಂತು ಕೆಟ್ಟ ಕಂಠ ಇದು. ನನ್ನ ಕೈಲೆ ರಿಪೇರಿ ಆಗಂಗಿಲ್ಲವ್ವಾ," ಅಂದರು ಗುರುಗಳು.

"ನನಗ ತಂಬೂರಿ ಕೂಡೇ ಕೂಡಿದಂಗ ಕೇಳಸ್ತಿತ್ರೀ," ಅಂದರು ಆಕೆ.

"ಗ್ವಾಡಿ ಮ್ಯಾಲೆ ಕಾಣಸ್ತದಲ್ಲ? ಕಣ್ಣೂ ಕೆಟ್ಟಾವೇನು?"

ಆಕೆ ಚೀಲ ತೆಗೆದುಕೊಂಡು ಎದ್ದುಹೋದರು. ಮರುವಾರ ಬರಲಿಲ್ಲ.

ಆ ದಿನದ ರೆಕಾರ್ಡಿಂಗನ್ನು ಆಫೀಸಿನಲ್ಲಿ ಮತ್ತೆ ಕೇಳುತ್ತಿದ್ದಾಗ ತಪ್ಪು ಗೊತ್ತಾಯಿತು. ಗುರುಗಳು ತಂಬೂರಿ ಕೂಡಿಸಿದ್ದು ಕಿವಿಯಿಂದ, ಅದು ನಾನು ಹಾಕಿದ ಅಂಕಿಗಿಂತ ಚೂರು ಮೇಲಿತ್ತು. ಹಾಗಾಗಿ ಆಕೆಯ ಸ್ವರಗಳೆಲ್ಲ ಚಿತ್ರದಲ್ಲಿ ಅಷ್ಟೇ ಮೇಲೆ ಸರಿದಿದ್ದವು. ಅಂಕಿ ತಿದ್ದಿ ನೋಡಿದೆ. ಚುಕ್ಕೆ ಕೆಂಪು ಗೆರೆಯ ಮೇಲೆ ಅಲುಗಾಡದೆ ಕೂತಿತು. ನನ್ನದು ಯಾವತ್ತೂ ಹಾಗೆ ಕೂತಿರಲಿಲ್ಲ.

ಗುರುಗಳಿಗೆ ಫೋನ್ ಮಾಡಿ ಹೇಳಿದೆ.

"ಕಾರ್ಯಕ್ರಮದ ಕಾರ್ಡ್ ಅಚ್ಚಾಗ್ಯಾವ, ನಿಮ್ಮ ಹೆಸರೈತಿ. ನಾನೇ ತಪ್ಪು ಕೇಳಿದೆ ಅಂತ ಎಲ್ಲಾರ ಮುಂದ ಹೇಳಲೇನು? ಬಿಡ್ರಿ," ಅಂದರು.

ಬಿಟ್ಟೆ. ಅವರು ಬೇಡವೆಂದದ್ದು ನನಗೆ ಅನುಕೂಲವೇ ಆಯಿತು.

ಗುರುಪೂರ್ಣಿಮೆಯ ದಿನ ಆಕೆ ಬಂದಿದ್ದರು. ಗುರುಗಳ ಕಾಲಿಗೆ ನಮಸ್ಕರಿಸಿ ಮೂರನೇ ಸಾಲಿನಲ್ಲಿ ಕೂತು ನನ್ನ ಹಾಡು ಪೂರ್ತಿ ಕೇಳಿದರು. ಮುಗಿದ ಮೇಲೆ ಹತ್ತಿರ ಬಂದು, "ಸರ್, ಗಾಂಧಾರ ಭಾಳ ಛಲೋ ಹಚ್ಚಿದ್ರಿ. ನನ್ನ ಕಿವಿನೇ ಸುಳ್ಳು ಹೇಳ್ತಿತ್ತು, ನಿಮ್ಮಿಂದ ತಿಳೀತು. ಈಗ ಮನ್ಯಾಗೂ ಹಾಡಂಗಿಲ್ರೀ," ಅಂದರು.

"ಥ್ಯಾಂಕ್ಸ್," ಅಂದೆ ನಾನು. "ಊಟ ಮಾಡ್ಕೊಂಡು ಹೋಗಿ."