ಕಂಬಿ ತಳ್ಳಿದ್ದು ನಿಜ

ಜಯಮ್ಮನವರೇ, ಆ ವರ್ಷ ಯುಗಾದಿ ಕಳೆದ ಸೋಮವಾರ ಬೆಳಗ್ಗೆ ನಾನು ದೊಡ್ಡಬಳ್ಳಾಪುರದ ನೀವು ಕೆಲಸಕ್ಕಿದ್ದ ಮಗ್ಗದ ಶೆಡ್ಡಿನಲ್ಲಿ, ನೇಯ್ಗೆಗೆ ಹಾಸಿನ ಎಳೆ ಸುತ್ತುವ ಯಂತ್ರದ ಎಡಗಡೆ, ಕಂಟ್ರೋಲ್ ಪೆಟ್ಟಿಗೆಯ ಪಕ್ಕ ನಿಂತಿದ್ದೆ. ಯಂತ್ರ ನಿಲ್ಲಿಸುವ ಕಂಬಿಯನ್ನು ನೀವು ತಳ್ಳಿದ್ದನ್ನು ಕಂಡೆ. ಯಂತ್ರ ನಿಲ್ಲಲಿಲ್ಲ. ನಿಲ್ಲದ ಹಾಗೆ ಮಾಡಿದವನು ನಾನು.

ಹಿಂದಿನ ದಿನ ಆ ಯಂತ್ರದ ಸರ್ಕ್ಯೂಟ್ ಬೋರ್ಡು ನೆಲಮಂಗಲದ ನಮ್ಮ ರಿಪೇರಿ ಅಂಗಡಿಯಲ್ಲಿತ್ತು. ಸುಟ್ಟ ಚಿಪ್ ತೆಗೆಯಬೇಕಿತ್ತು. ಬಿಸಿಗಾಳಿ ಬಿಟ್ಟು, ಎಲ್ಲ ಕಾಲುಗಳ ಬೆಸುಗೆ ಕರಗುವವರೆಗೆ ಕಾಯಬೇಕು. ನಾನು ಕಾಯಲಿಲ್ಲ — ಚಿಮಟದಲ್ಲಿ ಎತ್ತಿಬಿಟ್ಟೆ. ಒಂದು ಕಾಲಿನ ಜೊತೆ ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬಂತು. ಕಂಬಿ ತಳ್ಳಿದಾಗ ಯಂತ್ರಕ್ಕೆ ನಿಲ್ಲು ಎನ್ನುವ ಗೆರೆ ಅದೇ.

ಪಕ್ಕದ ಮೇಜಿನ ನಾಗರಾಜ ಭೂತಗನ್ನಡಿಯಿಂದ ತಲೆ ಎತ್ತಿದ. "ಕಿತ್ಬಿಟ್ಯೇನ್ಲಾ? ಇದೇನ್ ಹಲ್ಲು ಕೀಳೋ ಅಂಗ್ಡಿನಾ? ವೈರ್ ಎಳಿ."

"ಆಮೇಲೆ ಎಳೀತೀನಿ ಬಿಡೋ."

ಕೂದಲಿನಷ್ಟು ಸಣ್ಣ ತಂತಿಯಿಂದ ಗೆರೆ ಸೇರಿಸಬೇಕಿತ್ತು. ಗೆರೆ ಕಿತ್ತವನೆಂದು ತಂತಿ ಕಂಡವರೆಲ್ಲ ಹೇಳುತ್ತಾರೆ — ಆ ನಾಚಿಕೆ, ಜೊತೆಗೆ ಬೇಸರ. ಹೊಸ ಚಿಪ್ ಕೂರಿಸಿ, ಆ ಕಾಲನ್ನು ಪಕ್ಕದ ಕಾಲಿಗೆ ಒಂದು ಚುಕ್ಕೆ ಬೆಸುಗೆಯಿಂದ ಅಂಟಿಸಿದೆ. ಹಾಗೆ ಮಾಡಿದರೆ ಯಂತ್ರ ಓಡುತ್ತಿತ್ತು, ಆದರೆ ಕಂಬಿ ತಳ್ಳಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ.

ಸೋಮವಾರ ಬೋರ್ಡು ಕೂರಿಸಿದಾಗ ನೀವು ನಕ್ಕಿರಿ. "ಏನಪ್ಪಾ ಡಾಕ್ಟ್ರೇ, ಪೇಷೆಂಟ್ ಉಳ್ಕಂತಾ?" ನಾನು ತಲೆಯಾಡಿಸಿದೆ. ಯಂತ್ರ ಓಡುವುದನ್ನು ನೋಡಿದೆ, ನಿಲ್ಲುವುದನ್ನು ನೋಡಲಿಲ್ಲ. ಎಳೆ ಕಡಿಯಿತು. ನೀವು ಕಂಬಿ ತಳ್ಳಿ, ಎಳೆಗೆ ಗಂಟು ಹಾಕಲು ಕೈ ಚಾಚಿದಿರಿ —

ನಾನು ಮೇನ್ ಸ್ವಿಚ್ ಆರಿಸುವಷ್ಟರಲ್ಲಿ ನಿಮ್ಮ ಎರಡು ಬೆರಳು ಹೋಗಿದ್ದವು. ಶೆಡ್ಡಿನ ಮಾಲೀಕರು ಕೇಳಿದಾಗ ನಾನು ಹೇಳಿದ್ದು ಇಷ್ಟು: "ಬೋರ್ಡ್ ಸರಿಯಾಗೈತೆ ಸಾರ್. ಅವ್ರು ಕಂಬಿ ತಳ್ಳಿಲ್ಲ."

ಪರೀಕ್ಷಿಸುವ ನೆಪದಲ್ಲಿ ಬೋರ್ಡು ಬಿಚ್ಚಿ ಅಂಗಡಿಗೆ ತಂದೆ. ಚುಕ್ಕೆ ತೆಗೆದೆ, ತಂತಿ ಎಳೆದೆ. ಅಷ್ಟು ಅಚ್ಚುಕಟ್ಟಾಗಿ ಮತ್ತೆಂದೂ ಮಾಡಿಲ್ಲ. ವಾಪಸ್ ಕೂರಿಸಿದ ಮೇಲೆ ಮಾಲೀಕರು ಎಲ್ಲರೆದುರು ಕಂಬಿ ತಳ್ಳಿದರು. ಯಂತ್ರ ನಿಂತಿತು. ನಿಮ್ಮ ಮಾತನ್ನು ಆಮೇಲೆ ಯಾರೂ ನಂಬಲಿಲ್ಲ.

ಆಸ್ಪತ್ರೆಯಲ್ಲಿ ನೀವು ಅಳುತ್ತಾ, ತಳ್ಳಿದ್ದೆ ಎಂದೇ ಹೇಳುತ್ತಿದ್ದಿರಿ. ಇಷ್ಟು ವರ್ಷಗಳ ಮೇಲೆ, ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ನಿಮ್ಮ ಕೈ ನೋಡಿ ತಲೆ ತಗ್ಗಿಸಿದ ನನಗೆ ನೀವೇ ಸಮಾಧಾನ ಹೇಳಿದಿರಿ. "ನಾನೇ ಮರ್ತಿದ್ನೇನೋ ಕಣಪ್ಪಾ."

ನೀವು ಮರೆತಿರಲಿಲ್ಲ. ಮಾಲೀಕರ ಎದುರಿಗೂ ಇದನ್ನೇ ಹೇಳುತ್ತೇನೆ. ಅಲ್ಲಿ ನನ್ನ ನಾಲಿಗೆ ಮತ್ತೆ ಹೊರಳಿದರೆ ನಾಗರಾಜನನ್ನು ಕರೆಸಿ. ಆ ಚುಕ್ಕೆ ಇಟ್ಟದ್ದನ್ನೂ ತೆಗೆದದ್ದನ್ನೂ ಕಂಡವನು ಅವನೊಬ್ಬನೇ. ಇದ್ದಾನೆ — ನೆಲಮಂಗಲದಲ್ಲಿ, ಅದೇ ಅಂಗಡಿಯಲ್ಲಿ.