ಬಿರಿದ ಕೆರೆಯ ಕುರ್ಚಿ

ಫಿನ್‌ಲ್ಯಾಂಡಿನಲ್ಲಿ ನಾನಿದ್ದದ್ದು ಐದೇ ತಿಂಗಳು. ವಿನ್ಯಾಸ ಕಲಿಸುವ ಕಾಲೇಜಿನಿಂದ ಕಳಿಸಿದ್ದರು. ಕೋಣೆಯ ಕಿಟಕಿಗೆ ಎದುರಾಗಿ ಹೆಪ್ಪುಗಟ್ಟಿದ ಕೆರೆ. ಚಳಿ ಇಳಿದ ಹಾಗೆ ಅದು ಬಿರಿಯತೊಡಗಿತು: ಬೂದು, ಮಾಸಲು ಬಿಳಿ, ಬಿರುಕಿನೊಳಗೆ ಕಡುನೀಲಿ. ದಿನಾ ಕೂತು ಅದರದೇ ಚಿತ್ರ ಬರೆದೆ. ಬರೆಯುತ್ತ ಬರೆಯುತ್ತ ಆ ಬಿರುಕುಗಳು ಅವ್ವನ ಕೌದಿಯ ಹೊಲಿಗೆಯ ಸಾಲುಗಳಂತೆ ಕಂಡವು.

ಶಿಗ್ಗಾಂವಕ್ಕೆ ಮರಳಿದ ಮೇಲೆ ಅಪ್ಪನ ಕಟ್ಟಿಗೆ ಅಡ್ಡೆಯಲ್ಲಿ ಒಂದು ಕುರ್ಚಿ ಮಾಡಿಸಿದೆ. ಹಿಮ ಬಿದ್ದ ದಿಬ್ಬದ ಹಾಗೆ ಬಾಗಿದ ಬೆನ್ನು, ಅದರ ಮೇಲೆ ಹಳೆ ಸೀರೆ, ಧೋತರದ ಕೌದಿ. ಹೊಲಿದವಳು ಸವಣೂರಿನ ಒಬ್ಬ ಅಜ್ಜಿ. ಮೊದಲು ಎರಡು ಸಲ ನೆಲದ ಮೇಲೆ ಹಾಸಿ ಹೊಲಿದಳು. ಕುರ್ಚಿಗೆ ಎಳೆದು ಕೂಡಿಸಿದರೆ ಬರೀ ನಿರಿಗೆ. ಮೂರನೇ ಸಲ ಕುರ್ಚಿಯ ಬೆನ್ನ ಮೇಲೇ ಬಟ್ಟೆ ಹಾಸಿ, ನಡುವಿನಿಂದ ಅಂಚಿಗೆ ಸಡಿಲಾಗಿ ಹೊಲಿದೆವು. ಮೈಮೇಲಿನ ತೊಗಲಿನ ಹಾಗೆ ಕೂತಿತು.

ಅದನ್ನು ನನ್ನ ಗುರುಗಳಿಗೆ ತೋರಿಸಿದೆ. ಕಾಲೇಜಿನಲ್ಲಿ ಕಲಿಸಿ, ಆಮೇಲೆ ಹುಬ್ಬಳ್ಳಿಯಲ್ಲಿ ಪೀಠೋಪಕರಣದ ಮಳಿಗೆ ತೆರೆದವರು. "ಭಾಳ ಛಲೋ ಆಗೇತಿ. ಕುರ್ಚಿ, ಅಳತಿ, ಚಿತ್ರ ಎಲ್ಲಾ ಬಿಟ್ಟು ಹೋಗು, ನೋಡ್ತೇನಿ" ಅಂದರು. ಬಿಟ್ಟು ಬಂದೆ.

ಕೆಲ ತಿಂಗಳಿಗೆ ಅದು ಬೆಂಗಳೂರಿನ ಪ್ರದರ್ಶನವೊಂದರಲ್ಲಿ ಅವರ ಹೆಸರಿನಲ್ಲಿ ನಿಂತಿತ್ತು. ಫಿನ್‌ಲ್ಯಾಂಡಿನ ಕೆರೆಯ ದಂಡೆಯಲ್ಲಿ ನಿಂತಾಗ ಹೊಳೆದದ್ದೆಂದು ಪಕ್ಕದ ಫಲಕದಲ್ಲಿ ಬರೆಸಿದ್ದರು. ಆ ದೇಶವನ್ನು ಅವರು ಕಂಡೇ ಇರಲಿಲ್ಲ. ಫೋನ್ ಮಾಡಿದೆ.

"ನನ್ನ ಕೈಯಾಗ ಕಲ್ತಾಕಿ ನೀ. ನಿಂದು ನಂದು ಅಂತ ಏನೈತಿ?" ಅಂದು ನಕ್ಕರು.

ಆ ನಗು ವರ್ಷದ ಮೇಲಾದರೂ ಕಿವಿಯಿಂದ ಹೋಗಲಿಲ್ಲ. ಅನ್ನ ಉಣ್ಣುವಾಗಲೂ ಹಲ್ಲು ಕಡಿಯುತ್ತಿದ್ದೆ.

ಆಗ ಶಿಗ್ಗಾಂವದ ಹತ್ತಿರ ಹೆದ್ದಾರಿಗೆ ಹೊಸದೊಂದು ಹೋಟೆಲ್ ಎದ್ದಿತು. ಅಲ್ಲಿಯ ಕುರ್ಚಿಗಳ ಕೆಲಸ ಅವರಿಗೇ ಸಿಕ್ಕಿತು. ಒಂದು ದಿನ ಪೇಡೆಯ ಡಬ್ಬಿ ಹಿಡಿದು ಅಡ್ಡೆಗೇ ಬಂದರು.

"ಕೌದಿ ಬೆನ್ನಿಗೆ ಕೂಡವಲ್ದು. ನೀ ಹೆಂಗ ಕೂಡಿಸಿದ್ದಿ?"

"ನೆಲದ ಮ್ಯಾಲೆ ಹಾಸಿ ಒತ್ತೊತ್ತಾಗಿ ಹೊಲಸ್ರಿ ಸರ್. ನಿರಿಗಿ ಎದ್ರೂ ಅಂಜಬ್ಯಾಡ್ರಿ. ನಾಕು ದಿನ ಕುಂತ್ರ ತಾನ ಹೋಗತಾವು."

ಅವರು ನಂಬಿದರು. ಸೂಜಿ ಹಿಡಿದವರಾಗಿದ್ದರೆ ಸುಳ್ಳೆಂದು ತಿಳಿಯುತ್ತಿತ್ತು. ಅವರು ಚಹಾ ಕುಡಿದು, ಬೆನ್ನು ತಟ್ಟಿ ಹೋದರು. ಹಾನಗಲ್ಲಿನ ಹೆಣ್ಣುಮಕ್ಕಳಿಂದ ಅಷ್ಟೂ ಕೌದಿ ಹೊಲಿಸಿದರು.

ಹೋಟೆಲಿನ ಬಾಗಿಲಿಗೆ ಕಟ್ಟಿಗೆ ಕೊಟ್ಟವನು ಅಪ್ಪ. ಹಾಗಾಗಿ ಉದ್ಘಾಟನೆಗೆ ನಮಗೂ ಕರೆ ಬಂತು. ಜನ ಕೂತು ಏಳುವಷ್ಟರಲ್ಲಿ ಕುರ್ಚಿಗಳ ಬೆನ್ನು ಗಂಟು ಗಂಟಾಗಿ, ಹೊಲಿಗೆ ಟಕ್ಕಂತ ಬಿಚ್ಚಿಕೊಳ್ಳುತ್ತಿತ್ತು. ಹೋಟೆಲಿನ ಮಾಲಕಿ, ಹಿರೇಕೆರೂರ ಕಡೆಯ ಗಟ್ಟಿ ಹೆಂಗಸು, ಎಲ್ಲರೆದುರು ಗುರುಗಳನ್ನು ಕೇಳಿದರು: "ಇದೇನ್ರಿ ಇದು?"

"ಫಿನ್‌ಲ್ಯಾಂಡಿನಾಗ ಐಸ್ ಹಿಂಗ ಇರತೈತ್ರಿ. ಅದಾ ಡಿಸೈನು."

ನಾನು ಮುಂದೆ ಬಂದೆ. "ಸರ್, ಆ ಕೆರಿ ಯಾವ ಊರಾಗ ಐತ್ರಿ? ನೀವು ದಂಡಿಗೆ ನಿಂತಿದ್ರಲ್ಲಾ."

ಅವರು ಫೋನ್ ಬಂತೆಂಬಂತೆ ಜೇಬು ತಡಕತೊಡಗಿದರು. ನಾನು ಮೊಬೈಲಿನಲ್ಲಿದ್ದ ನನ್ನ ಚಿತ್ರಗಳನ್ನು ತಾರೀಖಿನ ಸಮೇತ ಮಾಲಕಿಗೆ ತೋರಿಸಿದೆ. ಅವರು ಒಂದೊಂದನ್ನೂ ನಿಧಾನ ನೋಡಿ, "ಸರ್, ಕುರ್ಚಿ ಹೇರ್ಕೊಂಡು ಹೋಗ್ರಿ" ಅಂದರು, ಅಷ್ಟೇ. ಆ ದಿನ ನಾನು ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡು ಉಂಡೆ.

ಆದರೆ ಗುರುಗಳು ಹೋದಲ್ಲೆಲ್ಲ ಹಾನಗಲ್ಲಿನವರ ಹೊಲಿಗೆಯೇ ಕೆಟ್ಟದ್ದು ಎಂದು ಹೇಳುತ್ತ ಬಂದರು. ಸವಣೂರಿನ ಅಜ್ಜಿಗೆ ಸುದ್ದಿ ಮುಟ್ಟಿತು. ನೆಲದ ಮೇಲೆ ಹಾಸಿ ಹೊಲಿಸಿದ್ದರು ಎಂದು ಕೇಳಿದ ಕೂಡಲೇ ಸುಳ್ಳು ನನ್ನದೆಂದು ಅವಳಿಗೆ ಗೊತ್ತಾಯಿತು. "ಸಿಟ್ಟು ಅವನ ಮ್ಯಾಲಿತ್ತು. ಆ ಹೆಣ್ಮಕ್ಕಳ ಕೈಗೆ ಯಾಕ ಕೆಟ್ಟ ಹೆಸರು ತಂದಿ?" ಅಂದಳು.

ಮರುದಿನವೇ ಹಾನಗಲ್ಲಿಗೆ ಹೋಗಿ, ಸುಳ್ಳು ನನ್ನದೇ ಎಂದು ಒಪ್ಪಿಕೊಂಡೆ. ಒಬ್ಬಾಕೆ ಎದ್ದು ಒಳಗೆ ಹೋಗಿಬಿಟ್ಟಳು. ಇನ್ನೊಬ್ಬಾಕೆ ಸೂಜಿ ಕೆಳಗಿಟ್ಟು, "ಮೊದಲಾ ಹೇಳಿದ್ರ ನಾವೂ ಕೂಡಿ ಕುಣಸ್ತಿದ್ವಿ ಅವನ್ನ" ಅಂದಳು. ಮಾಲಕಿ ಕೆಲಸ ನನಗೆ ಕೊಟ್ಟರು; ಹೋಟೆಲಿನ ಕುರ್ಚಿಗಳನ್ನು ಮುಂದೆ ನಾವೇ ಕೂಡಿ ಮಾಡಿದೆವು. ಒಳಗೆ ಹೋದಾಕೆ ಮಾತ್ರ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಆ ನೋವು ನನಗಿದೆ.

ಗುರುಗಳ ವಿಷಯಕ್ಕೆ ಯಾವ ನೋವೂ ಇಲ್ಲ. ಹೋದ ತಿಂಗಳು ಯಾರದೋ ಕೈಲಿ ಹೇಳಿ ಕಳಿಸಿದ್ದರು: ಹಳೇದೆಲ್ಲಾ ಮರೆತುಬಿಡು ಅಂತ. ನಾನು ಮರೆತಿಲ್ಲ. ಮರೆಯುವ ಇರಾದೆಯೂ ಇಲ್ಲ.