ಎಲೆಯ ಬೆನ್ನು ನೋಡುವ ಅತ್ತೆ

ನಮ್ಮ ಸೋದರತ್ತೆಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಕಡಲ ಪಕ್ಕದ ಕಾಡಿನ ಜೌಗಿನಲ್ಲಿ, ಚಳಿಗಾಲದಲ್ಲೂ ಎಲೆ ಉದುರಿಸದ ಒಂದು ಕುಳ್ಳ ಪೊದೆ ಬೆಳೆಯುತ್ತದೆ. ಅದರ ಎಲೆಯ ಕಷಾಯವೆಂದರೆ ಮನೆಮಂದಿಗೆಲ್ಲ ಇಷ್ಟ. ಅದರ ಮಗ್ಗುಲಲ್ಲೇ ಅದರಂತೆಯೇ ಕಾಣುವ ವಿಷದ ಪೊದೆಯೂ ಇರುತ್ತದೆ. ಒಳ್ಳೆಯ ಎಲೆಯ ಬೆನ್ನಿಗೆ ತುಕ್ಕಿನ ಬಣ್ಣದ ತುಪ್ಪುಳ, ಕೆಟ್ಟದ್ದರ ಬೆನ್ನು ನುಣುಪು ಬಿಳಿ. ಹಾಗಾಗಿ ಅತ್ತೆ ಪ್ರತಿಯೊಂದು ಎಲೆಯನ್ನೂ ಮಗುಚಿ ನೋಡುತ್ತಾಳೆ, ಊಟದ ನಡುವೆ ಎದ್ದುಹೋಗಿ ಬುಟ್ಟಿ ಸುರಿದು ಮತ್ತೆ ನೋಡುತ್ತಾಳೆ, ಅಂಗಡಿಗೆ ಹೋದರೆ ತಟ್ಟೆ, ಚಪ್ಪಲಿ, ಕೊನೆಗೆ ಸೋಪನ್ನೂ ಮಗುಚುತ್ತಾಳೆ. “ಮದ್ವೆಗೆ ಮುಂಚೆ ಗಂಡನ್ನೂ ಹೀಗೇ ಮಗುಚಿ ನೋಡಿದ್ರಾ ಅತ್ತಿಗೆ?” ಎಂದು ಅಮ್ಮ ಕೆಣಕಿದರೆ, “ಎಲ್ಲಿ ಬಿಟ್ರು? ಬರೀ ಮುಖ ತೋರಿಸಿ ಕಟ್ಟಿಬಿಟ್ರು” ಎನ್ನುತ್ತಾಳೆ. ಈಚೆಗೆ ಕಣ್ಣು ಮಂಜಾಗಿ, ಎಲೆಯ ಬೆನ್ನನ್ನು ತುಟಿಗೆ ಸವರಿ ತುಪ್ಪುಳ ಹುಡುಕುತ್ತಾಳೆ. ಕಷಾಯ ಕುದಿದ ಮೇಲೆ ಮೊದಲ ಲೋಟ ತಾನೇ ಕುಡಿದು, “ಸ್ವಲ್ಪ ತಡೀರಿ” ಎಂದು ನಮ್ಮ ಲೋಟಗಳನ್ನು ಮೇಲಿನ ಗೂಡಿನಲ್ಲಿಟ್ಟು, ತನಗೇನೂ ಆಗಲಿಲ್ಲವೆಂದು ಖಾತ್ರಿಯಾಗುವವರೆಗೆ ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾಳೆ. ನಮ್ಮ ಮನೆಯಲ್ಲಿ ಅವಳೊಬ್ಬಳನ್ನು ಬಿಟ್ಟರೆ ಆ ಕಷಾಯವನ್ನು ಬಿಸಿಯಾಗಿ ಕುಡಿದವರು ಯಾರೂ ಇಲ್ಲ.